ಅಂಕಿತ ಕಿತ್ತ ವಚನಗಳು



ಕೊಲ್ಲಿಗೆ ದುಡಿಯಲು ಬಂದವರು ವಚನಗಳಲ್ಲಿ ಮೊದಲು ಹುಡುಕುವುದು ದುಡಿಮೆಯ ಮಾತನ್ನೇ ಇರಬೇಕು. ಮಲಾಜಿನ ನಮ್ಮ ಶುಕ್ರವಾರದ ಓದಿನಲ್ಲೂ ಹಾಗೇ ಆಯಿತು. ‘ವಚನಗಳಲ್ಲಿ ದುಡಿಮೆ’ ಎಂಬ ಲೇಖನಕ್ಕೆ ಸಾಮಗ್ರಿ ಕಲೆಹಾಕಲು ಎರಡು ಬಗೆಯ ಹುಡುಕಾಟ ನಡೆಸಿದೆವು. ಅದರಿಂದ ಹುಟ್ಟಿದ ತಕರಾರನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲನೆಯದು ನಿಮಗೆಲ್ಲ ಗೊತ್ತಿರುವ ‘ವಚನ ಸಂಚಯ’. ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಗೆಳೆಯರು ಸೇರಿ ಕಟ್ಟಿದ್ದು. 20,000ಕ್ಕೂ ಮಿಕ್ಕಿದ ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ, ಯಾರ ವಚನದಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಕಪಾಟಿನಿಂದ ಇಳಿಸಿ ಬೆರಳಿಟ್ಟು ಹುಡುಕಿದವರಿಗೆ ಇದರ ಬೆಲೆ ಗೊತ್ತು. ಒಂದೇ ತೊಡಕೆಂದರೆ ಶರಣರು ಬಳಸಿದ ಪದವೇ ನಮ್ಮ ಬಾಯಲ್ಲಿರಬೇಕು. ‘ಕಾಯಕ’ ಎಂದರೆ ರಾಶಿ ರಾಶಿ ಸಿಗುತ್ತದೆ. ಆದರೆ ಆ ಪದ ಬಳಸದೆಯೇ ಮಗ್ಗದ, ದೋಣಿಯ, ಬಟ್ಟೆ ಒಗೆಯುವ ಕೆಲಸದ ಬಗ್ಗೆ ಹೇಳಿದ ವಚನಗಳನ್ನು ಹಿಡಿಯುವುದು ಹೇಗೆ?

ಎರಡನೆಯದು ಅರ್ಥದ ಹುಡುಕಾಟ. ಗೂಗಲ್ 2020ರಲ್ಲಿ ಹೊರತಂದ ‘ಲಾಬ್ಸೆ’ ಎಂಬ ಮಾದರಿ ಕನ್ನಡವೂ ಸೇರಿ 109 ಭಾಷೆಗಳನ್ನು ಬಲ್ಲದು. ಒಂದೊಂದು ವಚನವನ್ನೂ ಅದು 768 ಅಂಕಿಗಳ ಸಾಲಾಗಿ ಬದಲಿಸುತ್ತದೆ. ನಮ್ಮ ಪ್ರಶ್ನೆಯನ್ನೂ ಹಾಗೇ ಬದಲಿಸಿ, ಯಾವ ಸಾಲು ಯಾವುದಕ್ಕೆ ಹತ್ತಿರ ಎಂದು ಅಳೆಯುತ್ತದೆ. ಪದ ಹೊಂದಲೇಬೇಕೆಂದಿಲ್ಲ. ‘ಬೇಕಾದ್ದಕ್ಕಿಂತ ಹೆಚ್ಚು ತಂದಿದ್ದರೆ ವಾಪಸು ಕೊಟ್ಟು ಬಾ’ ಎಂದು ಇಂದಿನ ಕನ್ನಡದಲ್ಲಿ ಕೇಳಿದೆವು. ಆಯ್ದಕ್ಕಿ ಲಕ್ಕಮ್ಮ ಮೊದಲ ಸಾಲಿನಲ್ಲೇ ಬಂದು ನಿಂತಳು. ಸಂತೋಷವಾಯಿತು, ಸುಳ್ಳು ಹೇಳುವುದೇಕೆ!

ಆದರೆ ಇನ್ನಷ್ಟು ಕೇಳುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ಒಂದು ವಚನ ಕೊಟ್ಟು ‘ಇದರಂಥದ್ದು ತೋರಿಸು’ ಎಂದರೆ ಅದೇ ವಚನಕಾರರದೇ ಸಾಲಾಗಿ ಬರುತ್ತಿದ್ದವು, ವಿಷಯ ಏನೇ ಇರಲಿ. ಕಾರಣ ಅಂಕಿತ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಕೊನೆಯ ಪದಗಳು ಪುಟ್ಟ ವಚನವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ನಮ್ಮ ಕಸುಬಿನವರಿಗೆ ಇಲ್ಲಿ ಕೈ ತುರಿಸುತ್ತದೆ. ಪದೇ ಪದೇ ಬರುವ ಪದವನ್ನು ಮೊದಲೇ ಅಳಿಸಿಬಿಡುವುದು ನಮ್ಮ ಹಳೆಯ ಪಾಠ. ಹೋಲಿಸಿ ನೋಡಲೆಂದು ಅಂಕಿತವಿಲ್ಲದ ಪ್ರತಿಯೊಂದನ್ನು ಮಾಡಿದೆವು. ಫಲಿತಾಂಶ ಥಟ್ಟನೆ ಚೊಕ್ಕಟವಾಯಿತು. ದುಡಿಮೆ ಎಂದರೆ ದುಡಿಮೆ, ಹಸಿವು ಎಂದರೆ ಹಸಿವು. ಬಳಗದ ಕೆಲವರು ಇದನ್ನೇ ಇಟ್ಟುಕೊಂಡು ಲೇಖನ ಬರೆಯೋಣ ಎಂದರು.

ನಾವು ಒಪ್ಪುವುದಿಲ್ಲ.

ಅಂಬಿಗರ ಚೌಡಯ್ಯನನ್ನೇ ನೋಡಿ. ಅವನ ಅಂಕಿತ ದೇವರ ಹೆಸರಲ್ಲ, ಅವನದೇ ಹೆಸರು. ಅದನ್ನು ಅಳಿಸಿದರೆ ಆಳು ಹೋದ, ಅವನೊಡನೆ ಕಸುಬೂ ಹೋಯಿತು. ಅಂಬಿಗ ಎಂಬ ಪದ ಅಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲದ ವಚನ ದುಡಿಮೆಯ ಪಟ್ಟಿಗೆ ಬರುವುದೇ ಇಲ್ಲ! ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡ ಮಾರಯ್ಯನನ್ನು ತಿದ್ದುವ ಹೆಂಡತಿ, ಅವನ ಹೆಸರನ್ನು ದೇವರ ಹೆಸರಿಗೆ ಕಟ್ಟಿ ಮಾತು ಮುಗಿಸುತ್ತಾಳೆ. ಕಿತ್ತರೆ ಉಳಿಯುವುದು ಒಂದು ಬುದ್ಧಿವಾದ ಅಷ್ಟೇ. ಸೂಳೆ ಸಂಕವ್ವೆಯದಂತೂ ಸಿಕ್ಕಿರುವುದೇ ಒಂದು ವಚನ, ಅಂಕಿತ ‘ನಿರ್ಲಜ್ಜೇಶ್ವರ’. ತನ್ನ ಕಸುಬಿನಲ್ಲಿ ಒಪ್ಪಿದ ಮಾತಿಗೆ ತಪ್ಪುವುದಿಲ್ಲ ಎನ್ನುವವಳು ಲಜ್ಜೆಯಿಲ್ಲದವರ ದೇವರನ್ನೇ ಸಾಕ್ಷಿಗೆ ಕರೆಯುತ್ತಾಳೆ. ಆ ವಚನದ ಕಿಚ್ಚೆಲ್ಲ ಇರುವುದು ಆ ಕೊನೆಯ ಪದದಲ್ಲಿ.

ಇನ್ನೂ ಒಂದಿದೆ. ‘ನಾನು ಎಲ್ಲರಿಗಿಂತ ಕಿರಿಯ’ ಎಂಬ ಭಾವವನ್ನು ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಹೇಳುವುದೂ, ಹುಟ್ಟಿದಂದಿನಿಂದ ಕಿರಿಯನೆಂದೇ ಅನ್ನಿಸಿಕೊಂಡವನು ಹೇಳುವುದೂ ಅಂಕಿಗಳ ಲೆಕ್ಕದಲ್ಲಿ ಅಕ್ಕಪಕ್ಕ. ಮೊದಲನೆಯದು ಮೇಲಿನಿಂದ ಇಳಿದು ಬಂದದ್ದು. ಎರಡನೆಯದಕ್ಕೆ ಇಳಿಯಲು ಜಾಗವೇ ಇರಲಿಲ್ಲ. ಹೆಸರಿಲ್ಲದ ಪಟ್ಟಿಯಿಂದ ಲೇಖನ ಬರೆದರೆ ಈ ಎರಡು ದನಿ ಒಂದಾಗಿ, ‘ಶರಣರು ಹೇಳಿದರು’ ಎಂಬ ಸಭಾಭಾಷಣವಾಗುತ್ತದೆ. ಅಂಥವು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.

ಅಂಕಿತ ಮುಟ್ಟಿದರೆ ಏನಾಗುತ್ತದೆಂದು ಕರ್ನಾಟಕ ಒಮ್ಮೆ ಕಂಡಿದೆ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬುದನ್ನು ‘ಲಿಂಗದೇವ’ ಎಂದು ಬದಲಿಸಿದರು. 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದು ನಮಗೆ ಹಿಡಿಸುವ ಉಪಾಯವಲ್ಲ, ಅದು ಬೇರೆ ಚರ್ಚೆ. ಆದರೆ ಅಂಕಿತವನ್ನು ಬದಲಿಸಿದ್ದಕ್ಕೆ ನಾಡು ಅಷ್ಟು ಕೆರಳಿತು. ನಾವು ಅದನ್ನು ‘ಕಸ’ವೆಂದು ಸದ್ದಿಲ್ಲದೆ ಗುಡಿಸಿಹಾಕುತ್ತಿದ್ದೇವೆ.

ತಂತ್ರಾಂಶಕ್ಕೆ ಇನ್ನೊಂದು ಕಿವುಡೂ ಇದೆ. ‘ಬೇಕು’ ಮತ್ತು ‘ಬೇಡ’ ಅದಕ್ಕೆ ನೆರೆಮನೆಯವು. ಗುಡಿ ಕಟ್ಟುವುದು ಪುಣ್ಯ ಎಂದು ಕೇಳಿದರೆ ಗುಡಿಯನ್ನು ಹಂಗಿಸುವ ವಚನವನ್ನೂ ಅಷ್ಟೇ ಅಕ್ಕರೆಯಿಂದ ತಂದಿಡುತ್ತದೆ. ಅಲ್ಲಮನ ಬೆಡಗಿನ ವಚನಗಳ ಪಾಡು ಹೇಳುವುದೇ ಬೇಡ. ಪ್ರಾಣಿಗಳ ಹೆಸರು ಕಂಡದ್ದೇ ಎಲ್ಲವನ್ನೂ ಒಂದೇ ಕಡೆ ಕೂಡಿಹಾಕಿತು (ಮಲಾಜಿನ ಮೃಗಾಲಯದಲ್ಲಾದರೂ ಬೋನುಗಳು ಬೇರೆ ಬೇರೆ).

ಹಾಗೆಂದು ಅರ್ಥದ ಹುಡುಕಾಟವನ್ನೇ ಬೇಡವೆನ್ನುವವರು ನಾವಲ್ಲ. ವಚನಗಳನ್ನು ಅರ್ಥದ ಪ್ರಕಾರ ಜೋಡಿಸುವ ಆಸೆ ಹೊಸದೂ ಅಲ್ಲ. ಭಕ್ತ, ಮಹೇಶ, ಪ್ರಸಾದಿ ಎಂದು ಆರು ಸ್ಥಲಗಳಲ್ಲಿ ಕಟ್ಟಿದ ಹಳೆಯ ಸಂಕಲನಕಾರರು ಮಾಡಿದ್ದೂ ಅದನ್ನೇ. ಅವರು ವಚನವನ್ನು ಸ್ಥಲದಿಂದ ಸ್ಥಲಕ್ಕೆ ಸರಿಸಿದರು, ಅಂಕಿತವನ್ನು ಕೀಳಲಿಲ್ಲ. ಕೀಳದಿದ್ದುದರಿಂದಲೇ, ಹೆಸರು ಸಿಗದ ಎಷ್ಟೋ ವಚನಕಾರರು ಇಂದು ಬರೀ ಅಂಕಿತದ ಮೂಲಕ ಉಳಿದಿದ್ದಾರೆ. ಅವರ ಬಗ್ಗೆ ನಮ್ಮಲ್ಲಿರುವುದು ಆ ಒಂದು ಪದ ಮಾತ್ರ.

ಆದ್ದರಿಂದ ಲೇಖನಕ್ಕೆ ಟಿಪ್ಪಣಿ ಕಳಿಸುವವರಲ್ಲಿ ವಿನಂತಿ: ಹುಡುಕಲು ಯಾವ ಪ್ರತಿಯನ್ನಾದರೂ ಬಳಸಿ. ನಮಗೆ ಕಳಿಸುವಾಗ ಮಾತ್ರ ಸಂಪುಟ ತೆರೆದು, ಇಡೀ ವಚನವನ್ನು ಅಂಕಿತ ಸಮೇತ ಓದಿ, ವಚನಕಾರರ ಹೆಸರು ಮತ್ತು ಕಸುಬು ಪಕ್ಕದಲ್ಲೇ ಬರೆದು ಕಳಿಸಿ. ಕಸುಬು ತಿಳಿಯದಿದ್ದಲ್ಲಿ ಆ ಜಾಗ ಖಾಲಿ ಬಿಡಿ.