ತಬ್ಬಲಿ ಯಾರು?

ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಕಾದಂಬರಿಯ ಹೆಸರನ್ನು ಓದಿದೊಡನೆ ಹಿರಿಯರಿಗೆ ಗೋವಿನ ಹಾಡು ನೆನಪಾಗುತ್ತದೆ. ಹುಲಿಗೆ ಕೊಟ್ಟ ಮಾತಿನಂತೆ ಹೊರಟು ನಿಂತ ಪುಣ್ಯಕೋಟಿ ತನ್ನ ಕರುವಿಗೆ ಆಡುವ ಮಾತದು. ಚೆನ್ನೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೋ, ಹಸುವಿನ ಕಥೆಯೆಂದರೆ ಮನುನೀತಿ ಚೋಳನ ಅರಮನೆಯ ಗಂಟೆ ಬಾರಿಸಿದ ಹಸುವಿನದು. ಆ ಕಥೆ ಅವರಿಗೆ ತಿಳಿದಿರುವುದು ಸಂತೋಷವೇ. ಆದರೆ ಅದು ಸತ್ತ ಕರುವಿಗಾಗಿ ನ್ಯಾಯ ಕೇಳಿದ ಹಸು. ಇದು ಕರುವನ್ನು ಬಿಟ್ಟಾದರೂ ಮಾತು ಉಳಿಸಿಕೊಂಡ ಹಸು. ಒಂದರ ಅರ್ಥವನ್ನು ಇನ್ನೊಂದು ತುಂಬಲಾರದು.

1977ರಲ್ಲಿ ಕಾದಂಬರಿ ಚಲನಚಿತ್ರವಾದಾಗ ಕನ್ನಡದಲ್ಲಿ ಹೆಸರು ಹಾಗೆಯೇ ಉಳಿಯಿತು. ಹಿಂದಿಯಲ್ಲಿ ‘ಗೋಧೂಳಿ’ ಎಂದಾಯಿತು. ಪದಕ್ಕೆ ಪದ ದೊರೆತೀತು. ಅದರ ಹಿಂದಿನ ಹಾಡನ್ನೇ ಕೇಳದವರಿಗೆ ಆ ಶೀರ್ಷಿಕೆಯಿಂದ ಪ್ರಯೋಜನವೇನು?

ಕಾದಂಬರಿಯ ಕಾಳಿಂಗನ ಹೆಸರು ಹಾಡಿನ ಗೊಲ್ಲನದೇ. ಅಮೆರಿಕದಲ್ಲಿ ಓದಿ ಬಂದ ಅವನು ಗೋವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಲೇಖಕರ ತಕ್ಕಡಿ ಹಳೆಯದರ ಕಡೆಗೇ ತುಸು ವಾಲಿದೆಯೆಂದು ನಮಗೆ ಅನ್ನಿಸಿದ್ದುಂಟು. ಆದರೂ ಶೀರ್ಷಿಕೆ ಕೇಳುವ ಪ್ರಶ್ನೆಯನ್ನು ತಳ್ಳಿಹಾಕಲಾಗದು: ತಬ್ಬಲಿ ಯಾರು? ಕರುವೋ, ಹಾಡಿನ ಹೆಸರು ಹೊತ್ತೂ ಹಾಡಿಗೆ ದೂರವಾದವನೋ?

ಊರು ಬಿಟ್ಟು ಬಂದ ನಮಗೆ ಇದು ಬರಿಯ ವಿಮರ್ಶೆಯ ಮಾತಲ್ಲ. ನಮ್ಮ ಮಕ್ಕಳಿಗೂ ಕನ್ನಡದ ಹೆಸರುಗಳನ್ನೇ ಇಟ್ಟಿದ್ದೇವೆ. ಕಾದಂಬರಿಯನ್ನು ಅವರ ಕೈಗೆ ಕೊಡುವ ಮೊದಲು ಹಾಡನ್ನೊಮ್ಮೆ ಹಾಡಿ ಕೇಳಿಸೋಣ.