ಬುದ್ಧಿಮಾಪನವೂ ಮಾತ್ರಾಗಣನೆಯೂ

ಮಕ್ಕಳ ಬುದ್ಧಿಯನ್ನು ಪ್ರಶ್ನಮಾಲಿಕೆಯಿಂದ ಅಳೆಯುವ ಕ್ರಮವನ್ನು ೧೯೦೫ರಲ್ಲಿ ಪ್ಯಾರಿಸಿನ ಬಿನೆ, ಸಿಮೊನ್ ಎಂಬ ವಿದ್ವಾಂಸರು ರಚಿಸಿದರು. ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ಧಾರವಾಡದ ವಿ. ವಿ. ಕಾಮತರು, ಅವರ ಇಂಗ್ಲಿಷ್ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ಕಾಮತರು ಭಾಷಾಂತರಕ್ಕೆ ನಿಲ್ಲದೆ ಇಲ್ಲಿಯ ಮಕ್ಕಳ ಮೇಲೆಯೇ ಪ್ರಯೋಗಿಸಿ ನೋಡಿದುದು ಶ್ಲಾಘ್ಯವಾದುದು. ಆ ಶ್ರಮವಿಲ್ಲದೆ ಬರಿಯ ಭಾಷಾಂತರವೇ ಸಾಕೆಂಬ ಭ್ರಮೆಯಾದರೋ ಇನ್ನೂ ಹರಿದಿಲ್ಲ. ಮನಶ್ಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಛಂದಸ್ಸಿನ ಪಾಠ ಹೇಳಿದವನಾಗಿ ಮಾತ್ರ ಇದನ್ನು ವಿಮರ್ಶಿಸುತ್ತೇನೆ.

ಬಿನೆಯ ೧೯೦೮ರ ಪರಿಷ್ಕರಣದಂತೆ, ೭ ವರ್ಷದ ಮಗು ಒಮ್ಮೆ ಕೇಳಿದ ೫ ಅಂಕಗಳನ್ನು ಮರಳಿ ಹೇಳಬೇಕು. ಫ್ರೆಂಚಿನಲ್ಲಿ ಒಂದರಿಂದ ಒಂಬತ್ತರವರೆಗಿನ ಹೆಸರುಗಳೆಲ್ಲವೂ ಉಚ್ಚಾರದಲ್ಲಿ ಏಕಾಕ್ಷರಗಳು. ನಮ್ಮಲ್ಲಿಯೋ? 'ಒಂದು' ಎಂಬಲ್ಲಿ ಒಂದು ಗುರು, ಒಂದು ಲಘು, ೩ ಮಾತ್ರೆ. 'ಎರಡು' ಎಂಬಲ್ಲಿ ಮೂರೂ ಲಘು. ಮತ್ತೆ ೩ ಮಾತ್ರೆ. ಎಂಟರವರೆಗೂ ಇದೇ ಲೆಕ್ಕ. 'ಒಂಬತ್ತು' ಒಂದೇ ೫ ಮಾತ್ರೆಗಳದು. ಹೀಗೆ ಕನ್ನಡದ ಮಗುವು ೫ ಅಂಕಗಳಿಗೆ ೧೫ ಮಾತ್ರೆಗಳನ್ನು, ಒಂಬತ್ತು ಸೇರಿದರೆ ೧೭ನ್ನು, ಮನಸ್ಸಿನಲ್ಲಿ ಹಿಡಿದಿರಬೇಕಾಗುತ್ತದೆ. ಇದು ಪಂಡಿತನ ಕುಚೋದ್ಯವಲ್ಲ. ವೆಲ್ಷ್ ಭಾಷೆಯ ಅಂಕನಾಮಗಳನ್ನುಚ್ಚರಿಸಲು ಇಂಗ್ಲಿಷಿನವಕ್ಕಿಂತ ಹೆಚ್ಚು ಕಾಲ ಹಿಡಿಯುವುದರಿಂದ, ಎರಡೂ ಬಲ್ಲವರು ವೆಲ್ಷಿನಲ್ಲಿ ಕಡಮೆ ಅಂಕಗಳನ್ನು ನೆನಪಿಡುವರೆಂದು ಎಲಿಸ್, ಹೆನೆಲಿ ಎಂಬವರು ೧೯೮೦ರಲ್ಲಿ ತೋರಿಸಿದ್ದಾರೆ. ಇಲ್ಲಿ ಕೊರತೆಯು ಭಾಷೆಯಿಂದ ಬಂದುದು, ಬುದ್ಧಿಯಿಂದಲ್ಲ.

ಹಾಗಾದರೆ ನಮ್ಮ ಮಕ್ಕಳ ಫಲಿತಾಂಶಕ್ಕೆ ಇಷ್ಟೆಂದು ಕೂಡಿಸಿಕೊಟ್ಟರಾಯಿತಲ್ಲವೆ ಎಂದು ಪೂರ್ವಪಕ್ಷ. ಆಗದು. ಅದೇ ಪರಿಷ್ಕರಣದಲ್ಲಿ ೬ ವರ್ಷದ ಮಗು ೧೬ ಅಕ್ಷರಗಳ ವಾಕ್ಯವನ್ನು ಮರಳಿ ಹೇಳಬೇಕು. (ಅನುಷ್ಟುಪ್ಪಿನ ಅರ್ಧಶ್ಲೋಕಕ್ಕೂ ಅಷ್ಟೇ ಅಕ್ಷರಗಳು, ಅಮರಕೋಶವನ್ನು ನಾವು ಆ ಅಳತೆಯಲ್ಲಿಯೇ ಬಾಯಿಪಾಠ ಮಾಡಿದೆವು.) 'ನಾಳೆ ಬೆಳಗ್ಗೆ ಅಜ್ಜಿಯ ಊರಿಗೆ ಹೊರಡುತ್ತೇವೆ' ಎಂಬಲ್ಲಿ ೧೬ ಅಕ್ಷರಗಳಿವೆ, ಪದಗಳು ಐದೇ. ನಮ್ಮಲ್ಲಿ ಪ್ರತ್ಯಯಗಳು ಪದದಲ್ಲಿಯೇ ಸೇರಿಹೋಗುತ್ತವೆ. ಫ್ರೆಂಚಿನಲ್ಲಿ ಅಷ್ಟೇ ಅಕ್ಷರಗಳಿಗೆ ಹೆಚ್ಚು ಪದಗಳು ಹಿಡಿಸುತ್ತವೆ. ಅಂಕಗಳಲ್ಲಿ ಭಾರ ಹೊತ್ತ ಮಗುವಿಗೆ ವಾಕ್ಯದಲ್ಲಿ ಭಾರವಿಳಿಯಬಹುದು. ಆದುದರಿಂದ ಒಂದೊಂದು ಪ್ರಶ್ನೆಯನ್ನೂ ಬೇರೆಬೇರೆಯಾಗಿಯೇ ತೂಗಿ ನೋಡಬೇಕು.

ವಿಶೇಷ ಶಿಕ್ಷಣ ಬೇಕಾದ ಮಕ್ಕಳನ್ನು ಗುರುತಿಸುವುದೇ ಬಿನೆಯ ಉದ್ದೇಶವಾಗಿತ್ತು. ಬುದ್ಧಿಯು ಬೆಳೆಯಲಾರದೆಂಬ ಮತವನ್ನು ಆತನು ೧೯೦೯ರ ತನ್ನ ಗ್ರಂಥದಲ್ಲಿ ಖಂಡಿಸಿದನು. ಅಂತಹವನ ಪರೀಕ್ಷೆಯಿಂದಲೇ ಒಂದು ಮಗುವನ್ನು 'ಮಂದ'ವೆಂದು ಬರೆದಿಡುವವರು, ಬರೆಯುವ ಮುನ್ನ ತಮ್ಮ ಅಂಕಗಳ ಸಾಲಿನಲ್ಲಿ 'ಒಂಬತ್ತು' ಎಷ್ಟು ಸಲ ಬಂದಿದೆಯೆಂದಾದರೂ ಎಣಿಸಿಕೊಳ್ಳಲಿ.