‘ಯಾರೂ ಮುಟ್ಟದ ತೀರ’ ಎಂಬ ಮಾತು

ಕರಾವಳಿಯ ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಯಾರೂ ಮುಟ್ಟದ ಕಡಲತೀರ’. ಇಂಗ್ಲಿಷಿನ ‘ವರ್ಜಿನ್ ಬೀಚ್’ ಕನ್ನಡಕ್ಕೆ ಬಂದಾಗ ಹೀಗಾಗುತ್ತದೆ. ಕತೆ ಬರೆಯುವ ನಮ್ಮಂಥವರಿಗೆ ಪದಗಳ ಮೇಲೆ ಸಂಶಯಪಡುವುದು ಒಂದು ಚಾಳಿ. ಆದ್ದರಿಂದ ಕೇಳಬೇಕಾಗಿದೆ. ಕಾರವಾರದಿಂದ ಉಳ್ಳಾಲದವರೆಗೆ ಮುನ್ನೂರು ಚಿಲ್ಲರೆ ಕಿಲೋಮೀಟರು ಹಬ್ಬಿರುವ ಈ ತೀರದಲ್ಲಿ ಯಾರೂ ಮುಟ್ಟದ ಮರಳು ಎಲ್ಲಿದೆ? ದೋಣಿ ಎಳೆದು ನಿಲ್ಲಿಸಿದವರು ಯಾರು, ಬಲೆ ಹರಡಿ ಹೊಲಿದವರು ಯಾರು, ಒಣಮೀನು ಹರಡಿ ಕಾಗೆ ಓಡಿಸುತ್ತ ಕೂತ ಹೆಂಗಸರು ಯಾರು?

ಹಿರಿಯರನ್ನು ಕೇಳಿದರೆ ರಂಪಣಿಯ ಕತೆ ಹೇಳುತ್ತಾರೆ. ದಡದಿಂದ ಹೊರಟು ದಡಕ್ಕೇ ಮರಳುವ ಆ ಬೃಹತ್ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ಮರಳಿನಲ್ಲಿ ಕಾಲೂರಿ ಎಳೆಯಬೇಕಿತ್ತು. ಬಂಗುಡೆ, ತಾರ್ಲೆಯ ಹಿಂಡು ಸಿಕ್ಕಿದರೆ ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಸೋತಿತು. ಇಂದು ಕೆಲವೆಡೆ ಅದರ ಚಿಕ್ಕ ತಮ್ಮನಂತೆ ಕೈರಂಪಣಿ ಮಾತ್ರ ಉಳಿದಿದೆ. ಅಂದರೆ ಮೀನುಗಾರನನ್ನು ದಡದಿಂದ ಮೊದಲು ಎಬ್ಬಿಸಿದ್ದು ಪ್ರವಾಸಿಯಲ್ಲ, ಯಂತ್ರ. ಇದನ್ನು ಮರೆತು ಎಲ್ಲ ಪಾಪವನ್ನೂ ರೆಸಾರ್ಟುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಯಂತ್ರ ಖಾಲಿ ಮಾಡಿದ ಮರಳನ್ನು ‘ಖಾಲಿ ಜಾಗ’ ಎಂದು ಓದಿದ್ದು ಪ್ರವಾಸೋದ್ಯಮ. ‘ಯಾರೂ ಮುಟ್ಟದ’ ಎಂಬ ಮಾತಿನ ನಿಜವಾದ ಅರ್ಥ ಇಷ್ಟೆ: ಮುಟ್ಟಿದವರು ಲೆಕ್ಕಕ್ಕಿಲ್ಲ. ಮೊದಲು ಇಂಥ ಪದ ಬರುತ್ತದೆ, ಬೇಲಿ ಆಮೇಲೆ.

ಗೋಕರ್ಣವನ್ನೇ ತೆಗೆದುಕೊಳ್ಳೋಣ. ಹೊರಗಿನವರು ಬಂದು ಹಾಳಾದ ಊರು ಎಂದು ಗೋಕರ್ಣದ ಬಗ್ಗೆ ಹೇಳುವುದು ಸುಲಭ, ಆದರೆ ಆ ಊರು ಬದುಕಿದ್ದೇ ಹೊರಗಿನವರಿಂದ. ಮಹಾಬಲೇಶ್ವರನ ದರ್ಶನಕ್ಕೆ, ಪಿತೃಕಾರ್ಯಕ್ಕೆ ಶತಮಾನಗಳಿಂದ ಜನ ಬಂದಿದ್ದಾರೆ. ಬಂದವರು ಪುರೋಹಿತರ ಮನೆಗಳಲ್ಲೇ ಇಳಿದುಕೊಳ್ಳುತ್ತಿದ್ದರು. ಇಂಥ ಊರಿನವರು ಬಂದರೆ ಇಂಥ ಮನೆ ಎಂದು ತಲೆಮಾರುಗಳ ಗುರುತಿತ್ತು. ಹಣ ಆಗಲೂ ಕೈ ಬದಲಾಗುತ್ತಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಬಂದವನು ಆ ಮನೆಯ ಊಟದ ಹೊತ್ತಿಗೆ, ಮಡಿಗೆ, ಬಾವಿಕಟ್ಟೆಯ ರೀತಿಗೆ ಹೊಂದಿಕೊಳ್ಳುತ್ತಿದ್ದ. ಹಿಪ್ಪಿಗಳ ಕಾಲದಲ್ಲಿ ಕುಡ್ಲೆ ಮತ್ತು ಓಂ ತೀರಗಳಿಗೆ ಬಂದ ವಿದೇಶಿಯರ ಬಗ್ಗೆ ಊರಿಗೆ ಹತ್ತಾರು ದೂರುಗಳಿದ್ದವು. ಆದರೂ ಅವರು ಸೋಗೆಯ ಗುಡಿಸಲಲ್ಲಿ ತಿಂಗಳುಗಟ್ಟಲೆ ಇದ್ದು, ಊರು ಉಂಡದ್ದನ್ನೇ ಉಂಡು ಹೋದರು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು, ಬೆಂಗಳೂರಿನಲ್ಲಿ ಕಂಪ್ಯೂಟರ್ ಸಂಬಳ ಏರಿತು, ಗೋವಾ ದುಬಾರಿಯಾಯಿತು. ಅಲ್ಲಿಂದ ಮುಂದೆ ಬಂದವನಿಗೆ ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಯವರೆಗಷ್ಟೇ ಸಮಯ. ಅವನಿಗೆ ಹೊಂದಿಕೊಳ್ಳಲು ಪುರಸೊತ್ತಿಲ್ಲ, ಊರೇ ಅವನಿಗೆ ಹೊಂದಿಕೊಳ್ಳಬೇಕು. ನಮ್ಮ ಕಣ್ಣಿಗೆ ಕಾಣುವ ದೊಡ್ಡ ಬದಲಾವಣೆ ಇದು. ಚಿರೆಕಲ್ಲಿನ ಮನೆ ಹೋಗಿ ಕಾಂಕ್ರೀಟು ಬಂದದ್ದು ಅದರ ಹೊರಚಿಹ್ನೆ ಮಾತ್ರ.

ಉರ್ದುವಿನಲ್ಲಿ ಮೆಹಮಾನ್ ಬೇರೆ, ಮುಸಾಫಿರ್ ಬೇರೆ. ಮೆಹಮಾನನಿಗೆ ಮನೆಯವರ ಮೇಲೆ ಹಕ್ಕುಂಟು, ಮುಸಾಫಿರನಿಗೆ ಊರಿನ ಮೇಲೆ. ಇಬ್ಬರಿಗೂ ಅದಬ್ ಎಂಬ ಕಟ್ಟುಪಾಡೂ ಉಂಟು. ಇವತ್ತಿನ ಹೋಂಸ್ಟೇ ಈ ಎರಡೂ ಅಲ್ಲದ ಮೂರನೆಯವನನ್ನು ಸೃಷ್ಟಿಸಿದೆ. ಅವನಿಗೆ ಮೆಹಮಾನನ ಹಕ್ಕುಗಳೆಲ್ಲ ಬೇಕು. ಅದಬ್ ಮಾತ್ರ ಬಾಡಿಗೆಯಲ್ಲಿ ಸೇರಿಲ್ಲ.

ಹೆಸರುಗಳ ಗತಿಯನ್ನೂ ನೋಡಿ. ಬೇಲೆಕಾನ್ ಬಳಿಯ ತೀರ ‘ಪ್ಯಾರಡೈಸ್’ ಆಯಿತು, ಇನ್ನೊಂದು ‘ಹಾಫ್ ಮೂನ್’. ನಮ್ಮ ಕಡಲೂರುಗಳ ಹೆಸರುಗಳಲ್ಲಿ ಕೋಡಿ, ಬೇಲೆ, ಬೈಲು, ಕೊಪ್ಪ ಎಂಬ ತುಂಡುಗಳು ಸುಮ್ಮನೆ ಬಂದವಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಮರಳು ಎಲ್ಲಿ ಚಾಚಿಕೊಂಡಿದೆ, ಗದ್ದೆ ಎಲ್ಲಿತ್ತು ಎಂಬ ತಿಳುವಳಿಕೆ ಅವುಗಳೊಳಗಿದೆ. ‘ಪ್ಯಾರಡೈಸ್’ ಎಂಬ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. (ಸ್ವರ್ಗಕ್ಕೆ ಹೋಗುವ ದಾರಿಯಲ್ಲಿ ವಾಹನ ನಿಲುಗಡೆಯ ಜಗಳ ಇರುತ್ತದೆ ಎಂದು ಯಾವ ಗ್ರಂಥವೂ ನಮಗೆ ಹೇಳಿಕೊಟ್ಟಿರಲಿಲ್ಲ.)

ಇನ್ನು ನೀರಿನ ಮಾತು. ಕಡಲ ಬದಿಯ ಮರಳು ನೆಲದಡಿಯ ಸಿಹಿನೀರು ಒಂದು ತೆಳು ಪದರ. ಕೆಳಗಿನ ಭಾರವಾದ ಉಪ್ಪುನೀರಿನ ಮೇಲೆ ಅದು ತೇಲುತ್ತಿರುತ್ತದೆ. ಕೊಡದಲ್ಲಿ ಸೇದುವ ಕಾಲದಲ್ಲಿ ಮಳೆ ಅದನ್ನು ಮತ್ತೆ ತುಂಬಿಕೊಡುತ್ತಿತ್ತು. ಪಂಪು ಹಾಕಿ ಒಂದೇ ಕಡೆ ಜಗ್ಗಿದರೆ ಸಿಹಿ ಕೆಳಗಿಳಿಯುವುದಕ್ಕಿಂತ ಬೇಗ ಉಪ್ಪು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಒಂದೆರಡು ಮಳೆಗೆ ಸರಿಹೋಗುವುದಿಲ್ಲ. ಇಪ್ಪತ್ತು ಕೋಣೆಗಳ ವಸತಿಗೃಹದವನು ಟ್ಯಾಂಕರ್ ತರಿಸಿಕೊಳ್ಳಬಲ್ಲ. ಬೇಲಿಯಾಚೆ ಬಾವಿನೀರು ನಂಬಿ ತರಕಾರಿ ಬೆಳೆಯುವ ಹಾಲಕ್ಕಿ ಒಕ್ಕಲಿಗರ ಹೆಂಗಸು ಏನು ತರಿಸಿಕೊಳ್ಳಬೇಕು? ಕೊರಳ ತುಂಬ ಮಣಿಸರ ಹಾಕಿದ ಅದೇ ಹೆಂಗಸಿನ ಚಿತ್ರ ಪ್ರವಾಸದ ಕೈಪಿಡಿಯಲ್ಲಿರುತ್ತದೆ. ಚಿತ್ರದಲ್ಲಿ ಅವಳ ಬಾವಿ ಇರುವುದಿಲ್ಲ.

ಹಾಗೆಂದು ಹಳೆಯ ಕಡಲೂರು ಜನ್ನತ್ ಆಗಿತ್ತೆಂದು ನಾವು ನಂಬುವವರಲ್ಲ. ಆ ಊರಿನಲ್ಲಿ ಯಾರ ಬಾವಿಗೆ ಯಾರು ಬರಬಾರದು ಎಂಬ ಲೆಕ್ಕವಿತ್ತು. ಮೀನು ಹೊತ್ತವಳು ಯಾವ ಅಂಗಳದಾಚೆ ನಿಲ್ಲಬೇಕು ಎಂಬ ಗೆರೆಯಿತ್ತು. ಮಳೆಗಾಲದ ಎರಡು ತಿಂಗಳು ಹಸಿವೂ ಇತ್ತು. ಹೋಂಸ್ಟೇಯ ದುಡ್ಡಿನಿಂದ ಮಗಳನ್ನು ಕಾಲೇಜು ಓದಿಸಿದ ವಿಧವೆಯರಿದ್ದಾರೆ, ಬೋಟಿನ ಸಾಲ ತೀರಿಸಿದ ಖಾರ್ವಿ ಹುಡುಗರಿದ್ದಾರೆ. ಅವರ ಮುಂದೆ ನಿಂತು ‘ಊರಿನ ಆತ್ಮ ಹೋಯಿತು’ ಎಂದು ನಿಟ್ಟುಸಿರು ಬಿಡುವ ಹಕ್ಕು ಪಟ್ಟಣದಲ್ಲಿ ಕೂತು ಬರೆಯುವ ನಮಗಿಲ್ಲ. ನಮ್ಮ ತಕರಾರು ಆ ದುಡ್ಡಿನ ಮೇಲಲ್ಲ. ದುಡ್ಡು ಬರುವ ದಾರಿಯನ್ನು ನಿಶ್ಚಯಿಸುವ ಮಾತುಕತೆಯಲ್ಲಿ ಅವರಿಗೆ ಕುರ್ಚಿ ಇಲ್ಲ ಎಂಬುದರ ಮೇಲೆ. ನಾಲ್ಕು ಕೋಣೆ ಬಾಡಿಗೆಗೆ ಕೊಡುವವಳೂ ನಲವತ್ತು ಎಕರೆ ಗುಡ್ಡ ಕೊಳ್ಳುವವನೂ ಸರಕಾರದ ಭಾಷೆಯಲ್ಲಿ ಒಂದೇ ‘ಉದ್ಯಮ’.

ಈ ಚರ್ಚೆ ನಮ್ಮಲ್ಲಿ ಹಾದಿ ತಪ್ಪುವುದು ಸಂಸ್ಕೃತಿ ಎಂಬ ಪದದ ಬಳಿ. ಕರಾವಳಿಯಲ್ಲಿ ಸಂಸ್ಕೃತಿ ರಕ್ಷಣೆಯ ಗುತ್ತಿಗೆ ಹಿಡಿದವರು ಸಾಕಷ್ಟಿದ್ದಾರೆ. ಬೀಚಿನಲ್ಲಿ ಯಾರು ಯಾರ ಜೊತೆ ಕೂತಿದ್ದಾರೆ, ಹುಡುಗನ ಹೆಸರೇನು, ಹುಡುಗಿಯ ಹೆಸರೇನು ಎಂದು ಕೇಳುವುದರಲ್ಲಿ ಅವರ ಸಂಸ್ಕೃತಿ ಮುಗಿಯುತ್ತದೆ. ನಮ್ಮ ಸಮುದಾಯದ ಜುಮಾ ಭಾಷಣಗಳಲ್ಲೂ ಕಡಲತೀರದ ಪ್ರಸ್ತಾಪ ಬಂದರೆ ಅದು ಬಹುಮಟ್ಟಿಗೆ ಉಡುಪಿನ ಬಗ್ಗೆ, ಮದ್ಯದ ಬಗ್ಗೆ. ಆ ಮಾತುಗಳಿಗೆ ಅವುಗಳದೇ ಸ್ಥಾನವಿರಲಿ. ಆದರೆ ನೀರಿನಲ್ಲಿ, ಹುಲ್ಲಿನಲ್ಲಿ, ಬೆಂಕಿಯಲ್ಲಿ ಎಲ್ಲರಿಗೂ ಪಾಲಿದೆ ಎಂಬ ಪ್ರವಾದಿವಚನವನ್ನು ಮದರಸಾದಲ್ಲಿ ಓದಿದವರು, ಬಾವಿ ಉಪ್ಪಾದಾಗ, ದೋಣಿ ಇಳಿಸುವ ದಾರಿಗೆ ಗೇಟು ಬಿದ್ದಾಗ ಅದನ್ನು ಏಕೆ ನೆನೆಸುವುದಿಲ್ಲ? ದಾಲ್ದಿ ಮುಸ್ಲಿಮರು ಈ ಜಿಲ್ಲೆಯ ಹಳೆಯ ಮೀನುಗಾರರು. ದಾರಿ ಮುಚ್ಚಿದರೆ ಖಾರ್ವಿಯವರಿಗೂ ಮೊಗೇರರಿಗೂ ದಾಲ್ದಿಗಳಿಗೂ ಒಟ್ಟಿಗೇ ಮುಚ್ಚುತ್ತದೆ. ಉಡುಪಿನ ಜಗಳದಲ್ಲಿ ಇವರೆಲ್ಲ ಬೇರೆಬೇರೆ ಬಣವಾಗಿ ನಿಲ್ಲುವುದು ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಾಗಿಲ್ಲ.

‘ಪ್ರವಾಸಿ’ ಎಂಬ ಪದವೂ ವಿಚಿತ್ರವಾದದ್ದು. ಕನ್ನಡದಲ್ಲಿ ಅವನು ನಮ್ಮೂರಿಗೆ ಬಂದವನು. ಗಡಿ ದಾಟಿ ಕಾಸರಗೋಡಿಗೆ ಹೋದರೆ ಮಲಯಾಳದಲ್ಲಿ ‘ಪ್ರವಾಸಿ’ ಎಂದರೆ ದುಡಿಯಲು ಕೊಲ್ಲಿಗೆ ಹೋದವನು. ಭಟ್ಕಳ, ಮುರ್ಡೇಶ್ವರ, ಮಂಕಿಯ ಮುಸ್ಲಿಂ ಮನೆಗಳಲ್ಲಿ ಈ ಎರಡನೆಯ ಅರ್ಥದ ಪ್ರವಾಸಿ ಇಲ್ಲದ ಮನೆ ಹುಡುಕಬೇಕು. ಮಗ ದುಬೈಯ ಹೊಟೇಲಿನಲ್ಲಿ ಹೊರಗಿನವರ ಹಾಸಿಗೆ ಸರಿಮಾಡುತ್ತಾನೆ. ಅವನ ಊರಿನ ಹೊಟೇಲಿನಲ್ಲಿ ಹಾಸಿಗೆ ಸರಿಮಾಡಲು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಇನ್ನೊಬ್ಬನ ಮಗ ಬಂದಿದ್ದಾನೆ. ಇಬ್ಬರಿಗೂ ಕಡಲು ಕಾಣುವ ಕೋಣೆ ಇಲ್ಲ.

ಯಾವ ಚರಿತ್ರೆ ಮಾರಾಟವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದಕ್ಕೂ ಇದೇ ಹೆದ್ದಾರಿ ಸಾಕ್ಷಿ. ಮುರ್ಡೇಶ್ವರದ 123 ಅಡಿಯ ಶಿವನ ಮೂರ್ತಿ ದೂರದಿಂದಲೇ ಕಾಣುತ್ತದೆ. ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಭಕ್ತರ ಭಕ್ತಿಯ ಬಗ್ಗೆ ನಮಗೆ ಗೌರವವಿದೆ. ಆದರೆ ಅಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಭಟ್ಕಳದಲ್ಲಿ ಪ್ರವಾಸಿ ಬಸ್ಸು ನಿಲ್ಲುವುದು ಅಪರೂಪ. ಹದಿನಾರನೇ ಶತಮಾನದ ಖೇತಪೈ ನಾರಾಯಣ ದೇವಾಲಯ, ಹಳೆಯ ಜೈನ ಬಸದಿ, ನವಾಯತರ ಹಳೇ ಮನೆಗಳು, ಕೊಂಕಣಿಗೆ ಅರಬ್ಬಿ ಪಾರಸಿ ಬೆರೆತ ಒಂದು ಭಾಷೆ, ಇವೆಲ್ಲ ಒಂದೇ ಊರಿನಲ್ಲಿವೆ. ಪತ್ರಿಕೆಗಳು ಭಟ್ಕಳಕ್ಕೆ ಕಟ್ಟಿಕೊಟ್ಟ ಹೆಸರು ಪ್ರವಾಸದ ನಕ್ಷೆಗೆ ಒಗ್ಗುವುದಿಲ್ಲವೇನೋ. ಒಂದು ಲೆಕ್ಕದಲ್ಲಿ ಊರು ಬಚಾವಾಯಿತು ಎಂದೂ ಅನಿಸದಿರುವುದಿಲ್ಲ.

ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು, ಪಡುಬಿದ್ರಿಗೂ ಆಗಲೇ. ನೀರಿನ ಶುದ್ಧತೆ, ಶೌಚಾಲಯ, ಸುರಕ್ಷತೆ ಎಂದು 33 ಮಾನದಂಡಗಳು. ಒಳ್ಳೆಯದೇ, ಸ್ವಚ್ಛತೆಗೆ ಯಾರ ವಿರೋಧವೂ ಇರಬಾರದು. ಅದೇ ಕಾಸರಕೋಡಿನ ಟೊಂಕದಲ್ಲಿ, ಕಡಲಾಮೆ ಮೊಟ್ಟೆಯಿಡುವ ಮರಳಿನಲ್ಲಿ, ಖಾಸಗಿ ವಾಣಿಜ್ಯ ಬಂದರು ಬೇಡವೆಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ, ಪೊಲೀಸರನ್ನು ಎದುರಿಸಿದ್ದಾರೆ. ಪ್ರವಾಸಿಗೆ ಶುದ್ಧ ತೀರ ಬೇಕೆಂದರೆ ಬಾವುಟ ಬರುತ್ತದೆ, ಮೀನುಗಾರ ಅದನ್ನೇ ಕೇಳಿದರೆ ಪೊಲೀಸ್ ವ್ಯಾನು. ಕಾನೂನಿನ ಕತೆಯೂ ಹೆಚ್ಚು ಬೇರೆಯಲ್ಲ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರನ್ನು ಹೊಸ ಕಟ್ಟಡಗಳಿಂದ ಕಾಯ್ದಿರಿಸಿತ್ತು. 2019ರ ಜನವರಿಯಲ್ಲಿ ಹೊರಬಂದ ಹೊಸ ಅಧಿಸೂಚನೆ ದಟ್ಟ ಜನವಸತಿಯ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು, ಬೀಚುಗಳಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ಎಡೆಕೊಟ್ಟಿತು. ಮೀನುಗಾರನ ಮನೆ ರಿಪೇರಿಗೂ ಇದರಿಂದ ಅನುಕೂಲ ಎಂದು ಹೇಳಲಾಯಿತು. ಸರಿ. ಆದರೆ ಬಿಟ್ಟುಕೊಟ್ಟ ಆ 150 ಮೀಟರಿನಲ್ಲಿ ಜಾಗದ ಬೆಲೆ ಏರಿದಾಗ ಮಾರದೆ ಉಳಿಯಬಲ್ಲ ಮೀನುಗಾರ ಎಷ್ಟು ಜನ?

ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಮೇಲೂ ಹಳೆಯ ಮೀನುಗಾರ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿಯೇ ಇಳಿಯುತ್ತಾನೆ. ಹುಟ್ಟಿದಾರಭ್ಯ ಕಡಲು ನೋಡಿದವನು ಕೈಮುಗಿದು ಹಿಂದೆ ನಿಲ್ಲುವ ಆ ತಿಂಗಳುಗಳಲ್ಲೇ, ನಿನ್ನೆ ಮೊದಲ ಬಾರಿ ಕಡಲು ಕಂಡವನು ಅದಕ್ಕೆ ಹಾರುತ್ತಾನೆ. ಮಳೆಗಾಲದ ಹೊರಗೂ ಸೆಳೆತ ಸುಮ್ಮನಿರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಬಂದ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯ ಬಡ ಮಕ್ಕಳು. ಆ ಮೇಲೆ ಬೀಚು ಕೆಲಕಾಲ ಮುಚ್ಚಿತು, ಮತ್ತೆ ತೆರೆಯಿತು. ಇಂಥ ಹೊತ್ತಿನಲ್ಲಿ ನೀರಿಗೆ ಧುಮುಕುವ ಜೀವರಕ್ಷಕರಲ್ಲಿ ಬಹಳ ಮಂದಿ ಮೀನುಗಾರರ ಮಕ್ಕಳು. ಎಲ್ಲಿ ಸುಳಿ, ಎಲ್ಲಿ ಹೊಂಡ ಎಂದು ಊರಿಗೆ ಗೊತ್ತಿತ್ತು. ಬೀಚು ‘ಅಭಿವೃದ್ಧಿ’ಯಾಗುವಾಗ ದೀಪದ ಕಂಬ ಎಲ್ಲಿರಬೇಕೆಂದು ನಕ್ಷೆ ಬರೆದವರು ಆ ಊರನ್ನು ಏನನ್ನೂ ಕೇಳಿರಲಿಲ್ಲ.

ಸಾಹಿತ್ಯ ಮತ್ತು ಸಿನಿಮಾದವರು ಇಲ್ಲಿ ಏನು ಮಾಡಿದ್ದಾರೆ? ಕಡಲನ್ನು ಹಾಡಿನ ಹಿನ್ನೆಲೆಯಾಗಿ ಬಳಸಿದ ಚಿತ್ರಗಳಿಗೆ ಲೆಕ್ಕವಿಲ್ಲ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಅಂಥದಲ್ಲ. ಅಲ್ಲಿನ ಸೂಲಗಿತ್ತಿ ಗುಲಾಬಿ, ದೊಡ್ಡ ಬೋಟು ಸಣ್ಣ ದೋಣಿಗಳ ಜಗಳ, ಅದು ಧರ್ಮದ ಜಗಳವಾಗಿ ತಿರುಗುವ ಬಗೆ, ಇವುಗಳಲ್ಲಿ ಕಡಲು ದುಡಿಮೆಯ ಜಾಗವಾಗಿಯೇ ಉಳಿಯುತ್ತದೆ. ಯಶವಂತ ಚಿತ್ತಾಲರು ಮುಂಬೈಯಲ್ಲಿದ್ದೇ ಹನೇಹಳ್ಳಿಯನ್ನು ಬರೆದರು. ಆ ಹನೇಹಳ್ಳಿ ಗೋಕರ್ಣದ ಮಗ್ಗುಲಲ್ಲೇ ಇದೆ. ಹೋಂಸ್ಟೇ ಬಂದ ನಂತರದ ಕಡಲೂರಿನ ಕತೆ ಮಾತ್ರ ನಮ್ಮಲ್ಲಿ ಸರಿಯಾಗಿ ಇನ್ನೂ ಬಂದಿಲ್ಲ. ಬಂದದ್ದು ಹೆಚ್ಚಾಗಿ ಹಳಹಳಿಕೆ. ಹಳಹಳಿಕೆಯನ್ನೂ ಈಗ ರೆಸಾರ್ಟಿನವರು ಕೊಳ್ಳುತ್ತಾರೆ. ಹಳೇ ಮರದ ಕಂಬ ತಂದು ಸ್ವಾಗತಕೋಣೆಯಲ್ಲಿ ನಿಲ್ಲಿಸಿದರೆ ಬಾಡಿಗೆ ಹೆಚ್ಚುತ್ತದೆ.

ಮುಂದಿನ ಸರದಿ ಅಘನಾಶಿನಿಯದಿರಬಹುದು. ಆ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಗಿ ಘೋಷಣೆಯಾಗಿದೆ. ತದಡಿಯ ದೋಣಿಗಳು, ಸಾಣಿಕಟ್ಟಾದ ಉಪ್ಪಿನಾಗರ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ, ಇಳಿತದ ಹೊತ್ತು ನೋಡಿ ಸೊಂಟಮಟ್ಟ ನೀರಿನಲ್ಲಿ ಬಳಚು ಹೆಕ್ಕುವ ಹೆಂಗಸರು ಎಲ್ಲ ಆ ಒಂದು ನೀರಿನ ಸುತ್ತ ಇದ್ದಾರೆ. ಹೆಸರು ಬಂದ ಕಡೆಗೆ ಫಲಕ ಬರುತ್ತದೆ, ಫಲಕದ ಹಿಂದೆ ದೋಣಿವಿಹಾರ. ದೋಣಿವಿಹಾರದ ಗುತ್ತಿಗೆದಾರನಿಗೆ ಬೇಕಾದದ್ದು ಬೆಳಗಿನ ಹತ್ತರಿಂದ ಸಂಜೆ ಆರರ ವೇಳಾಪಟ್ಟಿ. ಬಳಚಿನ ಹೆಂಗಸಿನ ವೇಳಾಪಟ್ಟಿ ಚಂದ್ರನದು, ದಿನಕ್ಕಿಷ್ಟು ಮುಂದೆ ಸರಿಯುತ್ತ ಹೋಗುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯೂ ಜನರಿಂದ ಕೇಳಿ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಬಹಳ ಕಡೆ ಅದು ಕಾಗದದ ಕೆಲಸವಾಗಿ ಮುಗಿದಿದೆ. ಅಳಿವೆಯ ಪಂಚಾಯತಿಗಳಾದರೂ ಮೊದಲ ಗುತ್ತಿಗೆಗೆ ಸಹಿ ಬೀಳುವ ಮುನ್ನ ಆ ಪುಸ್ತಕವನ್ನು ಮತ್ತೆ ತೆರೆಯಲಿ. ಯಾವ ದಿಬ್ಬದಲ್ಲಿ ಯಾವ ಬಳಚು, ಯಾವ ಓಣಿಯಿಂದ ನೀರಿಗಿಳಿಯುವ ದಾರಿ, ಆ ದಾರಿಗೆ ಊರಿಟ್ಟ ಹೆಸರೇನು ಎಂದು ಹೆಕ್ಕುವವರ ಬಾಯಿಂದಲೇ ಕೇಳಿ ಬರೆದಿಡಲಿ.